ಹುಂಜವಿರುವ ಮನೆಯ ಮೊಟ್ಟೆ

ಬಂಗಾರಪೇಟೆಯಲ್ಲಿ ಮುಖ್ಯ ರೈಲುಮಾರ್ಗದಿಂದ ಕವಲೊಡೆದು ಮಾರಿಕುಪ್ಪದವರೆಗೆ ಸಾಗುವ ಚಿಕ್ಕ ಹಾದಿಯಲ್ಲಿ, ಕೋರಮಂಡಲ್ ನಿಲ್ದಾಣವನ್ನು ಹಿಂದಿಕ್ಕಿ ಊರಿಗಾಮಿನಲ್ಲಿ ಇಳಿದು, ಕೋಲಾರದ ಚಿನ್ನದ ಗಣಿಕಂಪೆನಿಯ ಕಾಲದಲ್ಲಿ ಕೂಲಿಗಾರರಿಗೆಂದು ಕಟ್ಟಿಸಿದ ಲೈನುಮನೆಗಳ ನಡುವೆ ಬೆಳಗಿನ ಹೊತ್ತು ನಡೆದವರಿಗೆ, ಅಲ್ಲಿನ ಗೃಹಕೃತ್ಯದಲ್ಲಿ ಕೋಳಿಗೆ ಸಲ್ಲುವ ಸ್ಥಾನವನ್ನು ಬೇರೆಯಾಗಿ ವರ್ಣಿಸಿ ಹೇಳಬೇಕಾದುದಿಲ್ಲ. ಗೋಡೆಗೆ ಗೋಡೆ ಹೊಂದಿ ನಿಂತ ಆ ಸಾಲುಗಳಲ್ಲಿ ಹಿತ್ತಿಲೆಂದರೆ ನಾಲ್ಕು ಮಾರು ನೆಲ. ಅದಕ್ಕೆ ಬೇಲಿಯೂ ಅಷ್ಟಕ್ಕಷ್ಟೆ. ಹೇಂಟೆ ಒಬ್ಬರದು, ಹುಂಜ ಮತ್ತೊಬ್ಬರದು, ಅವು ಕೆದಕುವ ನೆಲ ಎಲ್ಲರದು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕೆಂಬುದು ಕೋಳಿ ಸಾಕುವವರೆಲ್ಲ ಬಲ್ಲ ಲೆಕ್ಕವಾದುದರಿಂದ, ಇಡೀ ಲೈನಿಗೆ ಗಟ್ಟಿಮುಟ್ಟಾದ ಒಂದೆರಡು ಹುಂಜಗಳಿದ್ದರೆ ಯಾರೂ ಇನ್ನೊಂದಕ್ಕಾಗಿ ಹುಡುಕುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ಗಂಡಸರಲ್ಲಿ ಅನೇಕರು ನಸುಕಿನ ರೈಲು ಹಿಡಿದು ಬೆಂಗಳೂರಿನ ಕೆಲಸಗಳಿಗೆ ಹೋಗಿ ಇರುಳಿಗೆ ಮರಳುವವರಾದ ಮೇಲಂತೂ, ಮನೆಯಲ್ಲುಳಿದ ಹೆಂಗಸರಿಗೆ ಕೋಳಿಯ ಮೊಟ್ಟೆಯೂ ಮರಿಯೂ ಕೈಖರ್ಚಿನ ಒಂದು ಸಣ್ಣ ಆದರೆ ನಿಶ್ಚಿತವಾದ ಆಧಾರವಾಗಿ ಉಳಿದುಕೊಂಡವು.

ಈ ಹಿತ್ತಿಲುಗಳನ್ನು ಹುಟ್ಟಿನಿಂದ ಕಂಡವರಿಗೆ ಎಂದೂ ಏಳದ ಒಂದು ಪ್ರಶ್ನೆ, ಬಂಗಾರಪೇಟೆಯಲ್ಲಿಯೋ ರಾಬರ್ಟ್‌ಸನ್‌ಪೇಟೆಯ ಹೊಸ ಬಡಾವಣೆಗಳಲ್ಲಿಯೋ ಮನೆ ಕಟ್ಟಿಕೊಂಡು, ಅಂಗಡಿಯ ಮೊಟ್ಟೆಯಿಂದ ಬೇಸತ್ತು, ತಾವೂ ನಾಲ್ಕು ನಾಟಿಕೋಳಿಗಳನ್ನು ಸಾಕಿಕೊಂಡ ಹೊಸಬರನ್ನು ಬಾಧಿಸುವುದುಂಟು. ಹುಂಜದೊಡನೆ ಇರುವ ಹೇಂಟೆಯ ಮೊಟ್ಟೆಯಲ್ಲಿ ಜೀವವಿರುವುದಲ್ಲವೆ? ಅದನ್ನು ಒಡೆದರೆ ಒಳಗೆ ಮರಿ ಕಂಡೀತೆ? ಕಾಣದಿದ್ದರೂ, ಮರಿಯಾಗಬೇಕಾದುದನ್ನು ಬೇಯಿಸಿ ತಿಂದ ದೋಷ ತಟ್ಟದೆ? ಕೆಲವರು ಈ ಶಂಕೆಯಿಂದಲೇ ಹುಂಜವನ್ನು ಮಾರಿಬಿಡುತ್ತಾರೆ. ಇನ್ನು ಕೆಲವರು ಹುಂಜವನ್ನು ಉಳಿಸಿಕೊಂಡು ಮೊಟ್ಟೆಯನ್ನು ನೆರೆಹೊರೆಗೆ ಹಂಚಿ, ತಮ್ಮ ಮನೆಗೆ ಮಾತ್ರ ಅಂಗಡಿಯದನ್ನೇ ತರುತ್ತಾರೆ. ಈ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ತಿನ್ನುವ ವಸ್ತುವಿನ ವಿಷಯದಲ್ಲಿ ಒಂದು ಕ್ಷಣ ನಿಂತು ಯೋಚಿಸುವ ಮನಸ್ಸು ಗೌರವಕ್ಕೆ ಅರ್ಹವಾದುದು. ಅದಕ್ಕೆ ಸಲ್ಲತಕ್ಕದ್ದು ವಿಷಯದ ಯಥಾರ್ಥ ನಿರೂಪಣೆ.

ಹೇಂಟೆ ಮೊಟ್ಟೆಯಿಡುವುದಕ್ಕೆ ಹುಂಜದ ಅಗತ್ಯವೇ ಇಲ್ಲವೆಂಬುದನ್ನು ಮೊದಲು ಹೇಳಬೇಕು. ಅಂಡಾಶಯದಿಂದ ಪಕ್ವವಾದ ಹಳದಿಯ ಗೋಲವು ಕಳಚಿ ಅಂಡನಾಳದ ಮುಖವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಬಿಳಿಯ ಲೋಳೆ ಸುತ್ತಿಕೊಳ್ಳುವುದಕ್ಕೆ ಸುಮಾರು 3 ಗಂಟೆ, ಪೊರೆಗಳು ಕಟ್ಟುವುದಕ್ಕೆ ಒಂದು ಗಂಟೆಗೂ ತುಸು ಹೆಚ್ಚು, ಸುಣ್ಣದ ಚಿಪ್ಪು ಗಟ್ಟಿಗೊಳ್ಳುವುದಕ್ಕೆ ಸುಮಾರು 20 ಗಂಟೆ ಹಿಡಿದು, ಒಟ್ಟಿನಲ್ಲಿ ಒಂದು ದಿನಕ್ಕೂ ಸ್ವಲ್ಪ ಮೀರಿದ ಅವಧಿಯಲ್ಲಿ ಮೊಟ್ಟೆ ಸಿದ್ಧವಾಗುತ್ತದೆ. ಹುಂಜದ ಸಂಗವಾಗಿದ್ದರೆ, ಆ ಗೋಲವು ನಾಳದ ಮುಖವನ್ನು ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ, ಲೋಳೆ ಅದನ್ನು ಆವರಿಸುವುದಕ್ಕೆ ಮುನ್ನ, ಫಲೀಕರಣ ನಡೆದುಹೋಗುತ್ತದೆ. ಹುಂಜದ ಬೀಜವನ್ನು ಹೇಂಟೆಯು ತನ್ನ ಅಂಡನಾಳದ ಸೂಕ್ಷ್ಮನಾಳಿಕೆಗಳಲ್ಲಿ ಎರಡು ವಾರ, ಕೆಲವು ವೇಳೆ ಮೂರು ವಾರದವರೆಗೂ ಕಾಪಿಟ್ಟುಕೊಳ್ಳಬಲ್ಲುದು. ಆದಕಾರಣವೇ ಮಾರಿಯಮ್ಮನ ಜಾತ್ರೆಗೆ ಹುಂಜವು ಹರಕೆಯಾಗಿ ಹೋಗಿ ಎಷ್ಟೋ ದಿನ ಕಳೆದ ಮೇಲೂ ಮನೆಯ ಹೇಂಟೆ ಇಡುವ ಮೊಟ್ಟೆಗಳು ಕಾವಿಗೆ ಬಂದು ಮರಿಯಾಗುತ್ತವೆ. ನಮ್ಮ ಮನೆಯಲ್ಲಿ ಹುಂಜವಿಲ್ಲವೆಂದು ನಿಶ್ಚಿಂತರಾದವರ ಮೊಟ್ಟೆಯೂ ಫಲಿತವೇ ಆಗಿರಬಹುದು. ಲೈನುಮನೆಗಳಲ್ಲಿ ಯಾವ ಮೊಟ್ಟೆ ಫಲಿತ, ಯಾವುದು ನಿಷ್ಫಲ ಎಂದು ವಿಂಗಡಿಸುತ್ತ ಕುಳಿತವರಿಲ್ಲ. ಎಲ್ಲವೂ ಫಲಿತವೆಂದೇ ಎಣಿಸಿ, ತಲೆಮಾರುಗಳಿಂದ ತಿಂದುಕೊಂಡು ಬಂದಿದ್ದಾರೆ.

ಫಲಿತವಾದ ಮೊಟ್ಟೆಯಲ್ಲಿ ಜೀವಾಂಕುರವಿದೆಯೆಂಬುದು ನಿಜ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಪ್ರಾಮಾಣಿಕತೆಯಲ್ಲ. ತಾಯಿಯ ಒಡಲಿನ ಸುಮಾರು 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ದಿನವನ್ನು ಕಳೆದುಬರುವ ಆ ಅಂಕುರವು, ಮೊಟ್ಟೆ ಗೂಡಿಗೆ ಬಿದ್ದ ಕ್ಷಣದಲ್ಲಿ ಆಗಲೇ ಸುಮಾರು 40,000ದಿಂದ 60,000 ಜೀವಕೋಶಗಳ ಒಂದು ತೆಳುಬಿಲ್ಲೆಯಾಗಿರುತ್ತದೆ. ಆದರೆ ಅದು ಮರಿಯಲ್ಲ. ಅದಕ್ಕೆ ರಕ್ತವಿಲ್ಲ, ಹೃದಯವಿಲ್ಲ, ನರವಿಲ್ಲ, ತಲೆ ಯಾವ ಕಡೆಗೆ ಮೂಡಬೇಕೆಂಬುದೂ ಇನ್ನೂ ಕಣ್ಣಿಗೆ ಕಾಣುವಂತಾಗಿಲ್ಲ. ಮೊಟ್ಟೆ ಹೊರಬಂದು ತಣ್ಣಗಾಗುತ್ತಲೇ, ಸುಮಾರು 20–21 ಡಿಗ್ರಿಯ ಕೆಳಗೆ, ಅದರ ಬೆಳವಣಿಗೆ ನಿಂತುಬಿಡುತ್ತದೆ. ಹೇಂಟೆ ಹನ್ನೆರಡು ಹದಿನೈದು ದಿನಗಳಲ್ಲಿ ಒಂದೊಂದಾಗಿ ಇಟ್ಟ ಮೊಟ್ಟೆಗಳೆಲ್ಲ ಒಂದೇ ದಿನ ಒಡೆದು ಮರಿಯಾಗುವುದು ಈ ವ್ಯವಸ್ಥೆಯಿಂದ: ಮೊದಲಿಟ್ಟುದು ಕೊನೆಯದಕ್ಕಾಗಿ ಕಾದುಕೊಂಡಿರುತ್ತದೆ, ತಾಯಿ ಕಾವಿಗೆ ಕೂತ ದಿನ ಎಲ್ಲಕ್ಕೂ ಒಟ್ಟಿಗೆ ಆರಂಭ. ಅಲ್ಲಿಂದ 37.5 ಡಿಗ್ರಿಯಷ್ಟು ಹಿತವಾದ ಬಿಸಿ ಬಿಡದೆ ದೊರೆತರೆ, ಎರಡನೆಯ ದಿನ ಕಳೆಯುವ ವೇಳೆಗೆ ಹೃದಯ ಮಿಡಿಯತೊಡಗಿ, 21ನೆಯ ದಿನ ಮರಿ ಚಿಪ್ಪನ್ನು ಕುಟ್ಟಿ ಹೊರಬರುತ್ತದೆ. ಎರಡು ಸಹಸ್ರ ವರ್ಷಗಳಿಗೂ ಹಿಂದೆ ಗ್ರೀಕರ ಅರಿಸ್ಟಾಟಲನು ಕಾವಿನಲ್ಲಿದ್ದ ಮೊಟ್ಟೆಗಳನ್ನು ಒಡೆದು ನೋಡಿ, ಮೂರು ಹಗಲು ಮೂರು ಇರುಳು ಕಳೆದ ಬಳಿಕ ಬಿಳಿಯ ಭಾಗದಲ್ಲಿ ರಕ್ತದ ಚುಕ್ಕೆಯೊಂದು ಜೀವವುಳ್ಳುದಾಗಿ ಮಿಡಿಯುವುದನ್ನು ಬರೆದಿಟ್ಟನು. ಅಂದಿನ ದಿನದ ಮೊಟ್ಟೆಯಲ್ಲಿ ಅವನಿಗೆ ಕಾಣಬಹುದಾಗಿದ್ದುದೇನೂ ಇರಲಿಲ್ಲ, ನಮಗೂ ಇಲ್ಲ.

ಹಾಗಾದರೆ ಮರಿಗೂ ಆಹಾರಕ್ಕೂ ನಡುವೆ ಇರುವ ಗಡಿ ಹುಂಜವಲ್ಲ, ಬಿಸಿ. ಈ ಮಾತಿಗೆ ಊರಿಗಾಮಿನಂತಹ ಕಡೆ ವಿಶೇಷ ಬೆಲೆಯುಂಟು. ಚಳಿಗಾಲದ ಬೆಳಗುಗಳಲ್ಲಿ ನಮ್ಮ ಬಯಲುಸೀಮೆಯ ಗಾಳಿಯೇ ಮೊಟ್ಟೆಯನ್ನು ತಣ್ಣಗಿಡಬಲ್ಲುದು. ಆದರೆ ಚೈತ್ರ ವೈಶಾಖಗಳಲ್ಲಿ ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನದ ಹೊತ್ತು, ಒಲೆಯ ಪಕ್ಕದ ಗೂಡಿನಲ್ಲಿಟ್ಟ ಫಲಿತ ಮೊಟ್ಟೆಯು ಮರಿಯಾಗುವಷ್ಟು ಬಿಸಿಯನ್ನೂ ಪಡೆಯದೆ, ನಿದ್ರಿಸುವಷ್ಟು ತಂಪನ್ನೂ ಪಡೆಯದೆ, ಅಡ್ಡದಾರಿಯಲ್ಲಿ ಬೆಳೆಯತೊಡಗಿ, ಕೆಲವು ದಿನಗಳಲ್ಲಿ ಒಳಗೇ ಸತ್ತು ಕೆಡುವುದುಂಟು. ನಿಷ್ಫಲ ಮೊಟ್ಟೆಗೆ ಈ ಅಪಾಯವಿಲ್ಲ. ಅದು ಹಳತಾಗುತ್ತದೆ, ಅಷ್ಟೆ. ಹುಂಜವಿರುವ ಮನೆಯಲ್ಲಿ ಬೇಸಗೆಯ ಮೊಟ್ಟೆಯನ್ನು ದಿನಕ್ಕೆ ಎರಡು ಬಾರಿ ಆಯ್ದುಕೊಂಡು ತಂಪಿನಲ್ಲಿಡಬೇಕೆಂಬ ನಿಯಮಕ್ಕೆ ಇದೇ ಕಾರಣ. ಶೀತಕಪೆಟ್ಟಿಗೆಯಿದ್ದವರಿಗೆ ಚಿಂತೆಯೇ ಇಲ್ಲ. ಇಲ್ಲದವರು ನೆನೆಸಿದ ಮರಳಿನ ಮೇಲೆ ಮಡಕೆಯನ್ನಿಟ್ಟು ಅದರೊಳಗೆ ಮೊಟ್ಟೆಯನ್ನಿರಿಸಿದರೂ ಎಷ್ಟೋ ಮೇಲು.

ಒಡೆದಾಗ ಅರೆಬೆಳೆದ ಪಿಂಡವನ್ನು ಕಂಡು ಹೇಸಿ, ಜನ್ಮಕ್ಕೆ ನಾಟಿಮೊಟ್ಟೆಯನ್ನೇ ಬಿಟ್ಟವರ ಕಥೆಗಳನ್ನು ಎಲ್ಲರೂ ಕೇಳಿರುತ್ತಾರೆ. ಅವುಗಳ ಮೂಲವನ್ನು ವಿಚಾರಿಸಿದರೆ ಬಹುತೇಕ ಒಂದೇ ಸಂಗತಿ ಹೊರಬೀಳುತ್ತದೆ: ಒಂದು ಹೇಂಟೆ ಕಾವಿಗೆ ಕೂತಿದೆ; ಅದು ಮೇಯಲೆಂದು ಎದ್ದುಹೋದಾಗ ಇನ್ನೊಂದು ಹೇಂಟೆ ಅದೇ ಮಂಕರಿಯಲ್ಲಿ ತನ್ನ ಮೊಟ್ಟೆಯನ್ನಿಟ್ಟಿದೆ; ಹೊಸದಾವುದು ಹಳೆಯದಾವುದು ತಿಳಿಯದೆ ಮನೆಯವರು ಕೈಗೆ ಸಿಕ್ಕಿದ್ದನ್ನು ತೆಗೆದಿದ್ದಾರೆ. ಬಲ್ಲ ಹೆಂಗಸರು ಇದಕ್ಕೆ ಕಂಡುಕೊಂಡ ಉಪಾಯ ಅತ್ಯಂತ ಸರಳವಾದುದು. ಕಾವಿಗಿಡುವ ಮೊಟ್ಟೆಗಳಿಗೆಲ್ಲ ಇದ್ದಲಿನಿಂದ ಒಂದು ಗೀರನ್ನೆಳೆಯುತ್ತಾರೆ; ಗೀರಿಲ್ಲದ ಮೊಟ್ಟೆ ಮಂಕರಿಯಲ್ಲಿ ಕಂಡರೆ ಅದು ಇಂದಿನದು, ಅಡಿಗೆಮನೆಗೆ ಸಲ್ಲತಕ್ಕದ್ದು. ಯಾವ ಮೊಟ್ಟೆಯನ್ನು ಕಾವಿಗಿಡಬೇಕೆಂಬ ಆಯ್ಕೆಯಲ್ಲಿಯೂ ಅವರದು ನುರಿತ ಕಣ್ಣು: ತೀರ ದೊಡ್ಡದು ಬೇಡ, ತೀರ ಚಿಕ್ಕದು ಬೇಡ, ಬಿರುಕಿರಬಾರದು, ಇಟ್ಟು ವಾರವನ್ನು ಮೀರಿರಬಾರದು. ಈ ಕೊನೆಯ ನಿಯಮವನ್ನು ಕುಕ್ಕುಟಶಾಸ್ತ್ರವೂ ಒಪ್ಪುತ್ತದೆ. ಏಳು ದಿನಗಳಾಚೆಗೆ ಮರಿಯಾಗುವ ಶಕ್ತಿ ದಿನೇದಿನೇ ಕುಂದುತ್ತದೆ. ಮಂಕರಿಯ ತಳಕ್ಕೆ ಹೊಟ್ಟು, ಹೇನಿಗೆ ಮದ್ದಾಗಿ ಬೂದಿ. ಅದರ ಮೇಲೆ ಬೆಸಸಂಖ್ಯೆಯಲ್ಲಿ ಒಂಬತ್ತೋ ಹನ್ನೊಂದೋ ಮೊಟ್ಟೆ. ತಮ್ಮ ಹೇಂಟೆಗೆ ಕಾವಿನ ಗುಣವಿಲ್ಲದವರು ನೆರೆಮನೆಯ ಒಳ್ಳೆಯ ತಾಯಿಕೋಳಿಯ ಕೆಳಗೆ ಮೊಟ್ಟೆಯಿಟ್ಟು, ಎದ್ದ ಮರಿಗಳನ್ನು ಪಾಲು ಹಂಚಿಕೊಳ್ಳುವ ಕರಾರು ಇಂದಿಗೂ ನಡೆಯುತ್ತದೆ. ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳ ಮೊಟ್ಟೆಯನ್ನು ಹಳ್ಳಿಯಲ್ಲಿ ಮರಿಮಾಡಿಸಬೇಕಾದಾಗಲೂ ಅದನ್ನು ನಾಟಿಹೇಂಟೆಯ ಮಡಿಲಿಗೇ ಹಾಕುತ್ತಾರೆ. ಹೆಚ್ಚು ಮೊಟ್ಟೆಗೆಂದು ಆರಿಸಿ ಬೆಳೆಸಿದ ತಳಿಗಳಲ್ಲಿ ಕಾವು ಕೂರುವ ಗುಣ ಕ್ಷೀಣಿಸಿರುತ್ತದೆ.

ಗುಡುಗಿಗೆ ಕಾವಿನ ಮೊಟ್ಟೆ ಕೆಡುವುದೆಂದು ನಂಬಿ ಮಂಕರಿಯಲ್ಲಿ ಕಬ್ಬಿಣದ ತುಂಡನ್ನೋ ಒಣಮೆಣಸಿನಕಾಯಿಯನ್ನೋ ಇರಿಸುವ ಪದ್ಧತಿ ದಕ್ಷಿಣದೇಶದ ಹಲವೆಡೆಗಳಲ್ಲಿದೆ. ಊರಿಗಾಂ, ಚಾಂಪಿಯನ್ ರೀಫ್‌ಗಳ ಜನಕ್ಕೆ ಗುಡುಗು ಆಕಾಶದಿಂದ ಮಾತ್ರ ಬರುತ್ತಿರಲಿಲ್ಲ. ಮೂರು ಕಿಲೋಮೀಟರಿಗೂ ಮೀರಿ ಅಗೆದ ಆ ಗಣಿಯೊಳಗೆ ಒತ್ತಡ ತಾಳಲಾರದೆ ಬಂಡೆ ಸಿಡಿದಾಗ ಮೇಲಿನ ಮನೆಗಳ ಗೋಡೆ ಬಿರುಕು ಬಿಡುತ್ತಿತ್ತು, ಅಟ್ಟದ ಪಾತ್ರೆಗಳು ಉರುಳುತ್ತಿದ್ದವು. ಅಂತಹ ಹೊತ್ತಿನಲ್ಲಿ ಕಾವಿನ ಮಂಕರಿಯ ನೆನಪು ಯಾರಿಗೆ ತಾನೆ ಬಂದೀತು, ಮೊದಲು ಬರುವುದು ಕೆಳಗಿಳಿದವರ ನೆನಪು. ಕಬ್ಬಿಣ ಮೊಟ್ಟೆಯನ್ನು ಕಾಯುವುದೆಂದು ನಾನು ನಂಬಲಾರೆ. ಬಲವಾದ ಅಲುಗಾಟ ಅಂಕುರಕ್ಕೆ ಹಾನಿಕರವೆಂಬುದು ಮಾತ್ರ ದಿಟ.

ಬೆಳಕಿನೆದುರು ಹಿಡಿದು ಪರೀಕ್ಷಿಸುವ ಕ್ರಮವನ್ನು ಹೊಸಬರು ಕಲಿತುಕೊಳ್ಳುವುದು ಒಳ್ಳೆಯದು. ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪತುದಿಯನ್ನು ಒತ್ತಿ ಹಿಡಿದರೆ, ಕಾವಿಗಿಡದ ಮೊಟ್ಟೆ, ಫಲಿತವಾಗಲಿ ನಿಷ್ಫಲವಾಗಲಿ, ನಿರ್ಮಲವಾಗಿ ಬೆಳಗುತ್ತದೆ; ನಾಲ್ಕು ದಿನ ಕಾವುಂಡುದರಲ್ಲಿ ಕೆಂಪು ರಕ್ತನಾಳಗಳು ನಡುವಿನ ಚುಕ್ಕೆಯಿಂದ ಕವಲೊಡೆದು ಹರಡಿರುವುದು ಕಾಣುತ್ತದೆ. ಅಂದಂದಿನ ಮೊಟ್ಟೆ ಫಲಿತವೋ ಅಲ್ಲವೋ ಎಂಬುದನ್ನು ಒಡೆದೇ ನೋಡಬೇಕು: ಹಳದಿಯ ಮೇಲಿನ ಬಿಳಿಚುಕ್ಕೆ ಚಿಕ್ಕದಾಗಿ ಅಂಚು ಕದಡಿದಂತಿದ್ದರೆ ನಿಷ್ಫಲ, ಮೂರು ನಾಲ್ಕು ಮಿಲಿಮೀಟರಿನಷ್ಟು ಅಗಲವಾಗಿ, ತಿಳಿಯಾದ ನಡುವೂ ಬಿಳಿಯ ಬಳೆಯೂ ಸ್ಪಷ್ಟವಾಗಿದ್ದರೆ ಫಲಿತ. ಆಗಾಗ ಕಾಣುವ ರಕ್ತದ ಹನಿಗೂ ಹುಂಜಕ್ಕೂ ಸಂಬಂಧವಿಲ್ಲ. ಹಳದಿ ಕಳಚುವ ಹೊತ್ತಿನಲ್ಲಿ ತಾಯಿಯ ನವಿರಾದ ನಾಳವೊಂದು ಹರಿದರೆ ನಿಷ್ಫಲ ಮೊಟ್ಟೆಯಲ್ಲಿಯೂ ಅದು ಬರುತ್ತದೆ. ಇಷ್ಟೆಲ್ಲ ತಿಳಿದ ಮೇಲೂ ಅನುಮಾನವುಳಿದವರು ಪ್ರತಿಯೊಂದು ಮೊಟ್ಟೆಯನ್ನೂ ಮೊದಲು ಬೇರೊಂದು ಬಟ್ಟಲಿಗೆ ಒಡೆದು ನೋಡಿ ಬಾಣಲೆಗೆ ಹಾಕಲಿ.

ಇನ್ನು ಹುಂಜದ ಮೊಟ್ಟೆಗೆ ಅದ್ಭುತ ಪುಷ್ಟಿಯನ್ನಾರೋಪಿಸುವವರ ವಿಷಯ. ಮೈನೆರೆದ ಹೆಣ್ಣುಮಗುವಿಗೆ ಹಸಿಯ ನಾಟಿಮೊಟ್ಟೆಯನ್ನು ಎಳ್ಳೆಣ್ಣೆಯೊಡನೆ ಕುಡಿಸುವುದು ಗಣಿಪ್ರದೇಶದ ತಮಿಳು ಮನೆಗಳಲ್ಲಿ ಪ್ರೀತಿಯಿಂದ ನಡೆಸಿಕೊಂಡು ಬಂದ ಉಪಚಾರ. ಬಾಣಂತಿಗೂ ನಾಟಿಮೊಟ್ಟೆಯೇ ಶ್ರೇಷ್ಠವೆಂದು ಕನ್ನಡ ತೆಲುಗು ಮನೆಗಳವರೂ ಹೇಳುತ್ತಾರೆ. ಬಡತನದಲ್ಲಿ ಮನೆಯ ಒಳ್ಳೆಯ ಆಹಾರವೆಲ್ಲ ದುಡಿಯುವ ಗಂಡಸಿನ ಎಲೆಗೇ ಹೋಗುತ್ತಿದ್ದ ಕಾಲದಲ್ಲಿ, ಹೆಣ್ಣಿಗೆಂದೇ ತೆಗೆದಿಟ್ಟ ಈ ಮೊಟ್ಟೆಯ ಬೆಲೆಯನ್ನು ನಾನು ಕಡಿಮೆಯೆಣಿಸಲಾರೆ. ಆದರೆ ಫಲಿತವಾದ ಮಾತ್ರಕ್ಕೆ ಸಾರವೇನೂ ಹೆಚ್ಚುವುದಿಲ್ಲ. ಅಂಕುರದ ತೂಕ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಹಳದಿಯ ಗಾಢವರ್ಣ ಕೋಳಿ ತಿಂದ ಸೊಪ್ಪಿನಿಂದ ಬಂದುದು, ಹುಂಜದಿಂದಲ್ಲ. ಹಸಿಮೊಟ್ಟೆಯಿಂದ ಸಾಲ್ಮೊನೆಲ್ಲಾ ಸೋಂಕು ತಗಲುವ ಭಯವಿರುವುದರಿಂದ, ಆ ಹೆಣ್ಣುಮಕ್ಕಳಿಗೇ ಅದನ್ನು ಚೆನ್ನಾಗಿ ಬೇಯಿಸಿ ಕೊಡುವುದು ಮೇಲು.

ದೋಷದ ಪ್ರಶ್ನೆಗೆ ಬರೋಣ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿದ್ದಾಗ ಗಾಂಧೀಜಿ ಬರೆದ ಆರೋಗ್ಯದ ಪುಸ್ತಕದಲ್ಲಿ, ಹುಂಜದ ಸಂಪರ್ಕವಿಲ್ಲದ ಮೊಟ್ಟೆ ಎಂದೂ ಮರಿಯಾಗದಾದುದರಿಂದ, ಹಾಲು ಕುಡಿಯುವವನಿಗೆ ಅಂತಹ ಮೊಟ್ಟೆಯಲ್ಲಿ ಆಕ್ಷೇಪಣೆಯಿರಬೇಕಾದುದಿಲ್ಲವೆಂದು ಅಭಿಪ್ರಾಯಪಟ್ಟರು. ಅಲ್ಲಿಂದೀಚೆಗೆ ನಿಷ್ಫಲ ಮೊಟ್ಟೆಯನ್ನು ಸಸ್ಯಾಹಾರಿ ಮೊಟ್ಟೆಯೆಂದು ಕರೆಯುವ ವಾಡಿಕೆ ಬೆಳೆಯಿತು. ಈ ದೇಶದ ಆಹಾರಕಾನೂನು ಮಾತ್ರ ಈ ಭೇದವನ್ನು ಮಾಡದೆ, ಮೊಟ್ಟೆಯೆಲ್ಲವನ್ನೂ ಮಾಂಸಾಹಾರದ ಗುರುತಿನಡಿಯಲ್ಲಿಯೇ ಇರಿಸಿದೆ. ವ್ರತನಿಷ್ಠೆಯಿಂದ ಮೊಟ್ಟೆಯನ್ನೇ ಮುಟ್ಟದವರ ನಿಲುವು ಸ್ಪಷ್ಟವಾದುದು, ಅದಕ್ಕೆ ನನ್ನ ಗೌರವವುಂಟು. ನಾನು ಇಲ್ಲಿ ಮಾತನಾಡುತ್ತಿರುವುದು ಮೊಟ್ಟೆ ತಿನ್ನುವವರಾಗಿದ್ದು, ಹುಂಜ ಸೋಂಕಿದ ಮೊಟ್ಟೆಗೆ ಮಾತ್ರ ಹಿಂಜರಿಯುವವರನ್ನು ಕುರಿತು.

1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಹುಂಜವೊಂದನ್ನು ಬಲಿಗೊಡುತ್ತಾನೆ. ಅದರಲ್ಲಿ ಪ್ರಾಣವಿರಲಿಲ್ಲ, ಕೊಲ್ಲುವೆನೆಂಬ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ತುತ್ತಾಗುವರು. ಹಿಂಸೆಯ ವಿಚಾರದಲ್ಲಿ ಕನ್ನಡ ಕಾವ್ಯ ಇಷ್ಟು ಆಳಕ್ಕಿಳಿದು ಕೇಳಿದ ಪ್ರಶ್ನೆಯನ್ನು ನಮ್ಮ ಹಿತ್ತಿಲಿಗೆ ತಂದು ನೋಡಿದರೆ, ಜೀವಕೋಶಗಳ ಬಿಲ್ಲೆಯೊಂದು ಇದೆಯೋ ಇಲ್ಲವೋ ಎಂಬುದಕ್ಕಿಂತ, ಮನೆಯವರು ಆ ಕೋಳಿಕುಲದ ಸಂಬಂಧದಲ್ಲಿ ಏನನ್ನು ಸಂಕಲ್ಪಿಸಿದ್ದಾರೆಂಬುದೇ ಮುಖ್ಯವಾಗುತ್ತದೆ. ಒಂದೇ ವಾಡೆಯ ರಾಗಿಯಲ್ಲಿ ಬಿತ್ತನೆಗೆಷ್ಟು ಹಿಟ್ಟಿಗೆಷ್ಟು ಎಂದು ವಿಭಾಗಿಸುವ ನಮ್ಮ ರೈತಗೃಹಿಣಿಗೆ, ಬೀಸುವ ಕಲ್ಲಿಗೆ ಹಾಕಿದ ಕಾಳಿನಲ್ಲಿಯೂ ಮೊಳಕೆಯ ಕಣ್ಣುಂಟೆಂಬುದು ಗೊತ್ತು. ಕೆಲವಕ್ಕೆ ಇದ್ದಲಿನ ಗೀರು, ಕೆಲವಕ್ಕೆ ಒಲೆಯ ಬಾಣಲೆ ಎಂದು ಮೊಟ್ಟೆಯನ್ನು ಬೇರ್ಪಡಿಸುವ ಕೈಯೂ ಅಂತಹುದೇ. ಅದು ವಂಶವನ್ನು ಉಳಿಸಿಕೊಂಡು ಉಣ್ಣುವ ಕೈ.

ನಿಷ್ಫಲವೆಂಬ ಕಾರಣಕ್ಕೆ ನಿರ್ದೋಷವೆಂದು ನಾವು ಕೊಂಡು ತರುವ ಫಾರಂ ಮೊಟ್ಟೆಯ ಹಿಂದೆ ಏನಿದೆಯೆಂಬುದನ್ನೂ ಇದೇ ತೂಕದಲ್ಲಿ ತೂಗಬೇಕು. ವರ್ಷಕ್ಕೆ 300ಕ್ಕೂ ಮಿಕ್ಕಿ ಮೊಟ್ಟೆಯಿಡುವ ಆ ಹೇಂಟೆಗಳೂ ಫಲಿತ ಮೊಟ್ಟೆಗಳಿಂದಲೇ ಹುಟ್ಟಿಬಂದವು. ಅವುಗಳೊಡನೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಗಂಡುಮರಿಗಳೂ ಹುಟ್ಟಿದವು. ಮೊಟ್ಟೆಯಿಡಲಾರದ, ಮಾಂಸಕ್ಕೂ ಲಾಭವಾಗದ ಆ ಗಂಡುಮರಿಗಳನ್ನು ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಲ್ಲುವುದು ಜಗತ್ತಿನ ಬಹುಭಾಗದಲ್ಲಿ ಸಾಮಾನ್ಯ ಕ್ರಮ; ವರ್ಷಕ್ಕೆ ಆರೇಳು ನೂರು ಕೋಟಿ ಮರಿಗಳೆಂದು ಅಂದಾಜು. ಜರ್ಮನಿಯು 2022ರ ಜನವರಿ 1ರಿಂದ ಇದನ್ನು ಕಾನೂನಿನಿಂದ ನಿಷೇಧಿಸಿತು. ನಮ್ಮಲ್ಲಿ ಅಂತಹ ನಿಷೇಧವಿಲ್ಲ. ಶಾಲೆಯ ಮಕ್ಕಳ ಊಟಕ್ಕೆ ಬರುವ ಮೊಟ್ಟೆ ಈ ಕಾರ್ಖಾನೆಕ್ರಮದಿಂದಲೇ ಬರುತ್ತದೆ. ಅದು ಬೇಡವೆನ್ನುವಷ್ಟು ನಿಷ್ಠುರ ನಾನಲ್ಲ, ಹಸಿದ ಮಗುವಿಗೆ ಅದು ಬೇಕೇಬೇಕು. ಆದರೆ ಹುಂಜವನ್ನು ಕಣ್ಣಿಗೆ ಕಾಣದಷ್ಟು ದೂರವಿಟ್ಟ ಮಾತ್ರಕ್ಕೆ ಆ ಮೊಟ್ಟೆ ಶುದ್ಧ, ಹುಂಜವನ್ನು ಹೇಂಟೆಯೊಡನೆ ಬಿಸಿಲಿನಲ್ಲಿ ಓಡಾಡಗೊಟ್ಟ ಹಿತ್ತಿಲಿನದು ದೋಷಯುಕ್ತ, ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಊರಿಗಾಮಿನ ಹುಂಜವೂ ಒಂದು ದಿನ ಹರಕೆಗೋ ಹಬ್ಬದೂಟಕ್ಕೋ ಹೋಗುವುದು ನಿಜ. ಅಲ್ಲಿಯವರೆಗೆ ಅದು ಹುಂಜವಾಗಿ ಬಾಳಿರುತ್ತದೆ.

ಈ ಊರಿನ ಕೋಳಿಯ ವಿಷಯದಲ್ಲಿ ನನಗಿರುವ ನಿಜವಾದ ಆತಂಕ ಬೇರೆ. ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು, ಜನ ಸೈನೈಡ್ ದಿಬ್ಬಗಳೆಂದು ಕರೆಯುವ 13 ಗುಡ್ಡಗಳಾಗಿ, ಮೂರು ಕೋಟಿ ಟನ್ನಿಗೂ ಮೀರಿ, ಮನೆಗಳ ಮಗ್ಗುಲಿನಲ್ಲಿಯೇ ಬಿದ್ದಿವೆ. ಆಷಾಢದ ಗಾಳಿಗೆ ಆ ಧೂಳು ಅಂಗಳಗಳಿಗೆ ಬಂದಿಳಿಯುತ್ತದೆ. ಸೈನೈಡು ಬಿಸಿಲಿಗೆ ಕಾಲಕ್ರಮದಲ್ಲಿ ಶಿಥಿಲವಾಗಬಹುದು. ಅದಿರಿನೊಡನೆ ಬಂದ ಭಾರಲೋಹಗಳು ಹಾಗಲ್ಲ. ಕೋಳಿ ಮಣ್ಣನ್ನು ಕೆದಕಿ ತಿನ್ನುವ ಪ್ರಾಣಿ. ಸೀಸ ಬೆರೆತ ಮಣ್ಣಿನಲ್ಲಿ ಮೇಯ್ದ ಹಿತ್ತಿಲಕೋಳಿಗಳ ಮೊಟ್ಟೆಯಲ್ಲಿ ಸೀಸ ಸೇರುವುದು ಬೇರೆ ದೇಶಗಳ ಗಣಿಯೂರುಗಳಲ್ಲಿ ಕಂಡುಬಂದ ಸಂಗತಿ. ದಿಬ್ಬದ ಬದಿಯ ಮನೆಗಳವರು ಕೋಳಿಯನ್ನು ಆ ಕಡೆಗೆ ಬಿಡದೆ ಬೇಲಿಯೊಳಗಿರಿಸಿ, ಬೇರೆಡೆಯಿಂದ ತಂದ ಕೆಮ್ಮಣ್ಣನ್ನು ಹಿತ್ತಿಲಿಗೆ ಹರಡಿ, ಕಾಳನ್ನು ನೆಲಕ್ಕೆರಚದೆ ತೊಟ್ಟಿಯಲ್ಲಿಟ್ಟು, ಕುಡಿಯುವ ನೀರನ್ನು ಮುಚ್ಚಿಡುವುದು ಅವಶ್ಯ. ಇಲ್ಲಿನ ಹಿತ್ತಿಲುಗಳ ಮಣ್ಣನ್ನೂ ಮೊಟ್ಟೆಯನ್ನೂ ಲೈನು ಲೈನಾಗಿ ಪರೀಕ್ಷಿಸಿ, ಫಲಿತಾಂಶವನ್ನು ಆ ಹೆಂಗಸರಿಗೆ ತಿಳಿಯುವ ಭಾಷೆಗಳಲ್ಲಿ, ಕನ್ನಡದಲ್ಲಿಯೂ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ, ಪ್ರಕಟಿಸುವ ಕೆಲಸ ಸರ್ಕಾರದ್ದು. ದಿಬ್ಬಗಳನ್ನು ಮತ್ತೆ ಅಗೆದು ಚಿನ್ನ ತೆಗೆಯುವ ಯೋಜನೆಗಳು ಕಾರ್ಯಕ್ಕಿಳಿದು ಹೊಸ ಧೂಳು ಏಳುವುದಕ್ಕೆ ಮೊದಲೇ ಅದು ಆಗಬೇಕು.